ಮರದ ಪಾದ

"ಅಲ್ಲಾಡ್ಬೇಡಿ."

ಹಿಂದಿನಿಂದ ಯಾರೋ ಹೇಳಿದರು. ಕೂಗಿ ಹೇಳಿದ್ದಲ್ಲ. ಕೂಗದೇ ಹೇಳಿದ್ದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ಆಸ್ಪತ್ರೆಯ ಒಳಂಗಳದಲ್ಲಿ, ದೊಡ್ಡ ಮರದ ಕೆಳಗೆ, ಅವಳು ಅಳತೆಯ ಟೇಪು ಹಿಡಿದು ಬಗ್ಗಿದ್ದಳು. ಬೆಳಗಿನ ಹನ್ನೊಂದು ಗಂಟೆ. ಸುತ್ತಲಿನ ಕಿಟಕಿಗಳಲ್ಲಿ ರೋಗಿಗಳ ಮುಖಗಳಿದ್ದವು. ಎಲ್ಲರೂ ಅವಳ ತಲೆಯ ಮೇಲೆ ಏನನ್ನೋ ನೋಡುತ್ತಿದ್ದರು.

"ಮೇಲೆ ನೋಡ್ಬೇಡಿ. ನನ್ನ ಕಡೆ ತಿರುಗಿ... ಹಾಂ. ಈಗ ನನ್ನನ್ನೇ ನೋಡ್ತಾ ಬನ್ನಿ. ಒಂದೊಂದೇ ಹೆಜ್ಜೆ."

ನೋಡಬೇಡಿ ಅಂದಮೇಲೆ ನೋಡದೇ ಇರುವುದು ಎಷ್ಟು ಕಷ್ಟ! ಅವಳು ಅವನ ಮುಖದಲ್ಲೇ ಕಣ್ಣು ನೆಟ್ಟು ನಡೆದಳು. ಬಿಸಿಲಿಗೆ ಕಂದಿದ ಮುಖ, ಹುಬ್ಬಿನ ಮೇಲೆ ಮರದ ಪುಡಿ, ಕೈಯಲ್ಲಿ ಒಂದು ಮರದ ಕೊಡತಿ. ಆರು ಹೆಜ್ಜೆ. ಏಳನೆಯದಕ್ಕೆ ಅವನು ಅವಳ ಮಣಿಕಟ್ಟು ಹಿಡಿದು ಸರ್ರನೆ ಎಳೆದುಕೊಂಡ.

ಹಿಂದೆ ಏನೋ ಮುರಿದ ಸದ್ದು. ಅವಳು ಬಗ್ಗಿದ್ದ ಜಾಗದಲ್ಲಿ ತೊಡೆ ಗಾತ್ರದ ಒಣಕೊಂಬೆ ಬಿದ್ದಿತ್ತು. ಟೇಪು ಅದರ ಕೆಳಗೆ ಸಿಕ್ಕಿ ನಜ್ಜುಗುಜ್ಜಾಗಿತ್ತು.

ಅವನು ಕೈ ಬಿಟ್ಟಿರಲಿಲ್ಲ. "ಹೆದರಿದ್ರಾ?"

"ಇಲ್ಲ."

ಅವಳು ಅವನಿಗೆ ಹೇಳಿದ ಮೊದಲ ಸುಳ್ಳು ಅದು. ತೀರಾ ಸಣ್ಣದು. ಎರಡನೆಯದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಅವನು ನಗರದ ಮರಗಳನ್ನು ಪರೀಕ್ಷಿಸುವವನು. ಆಸ್ಪತ್ರೆಯವರ ಬಾಯಲ್ಲಿ 'ಮರದ ಡಾಕ್ಟರು'. ಅವಳು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ಕಟ್ಟಡಗಳ ಹೊರಗಿನ ನೆಲ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು, ನೀರು ಯಾವ ಕಡೆ ಹರಿಯಬೇಕು, ಜನ ಎಲ್ಲಿ ಕೂರಬೇಕು ಎಂದು ಗೆರೆ ಎಳೆಯುವ ಕೆಲಸ. ಅವಳನ್ನು ಸಾಕಿದ ಚಿಕ್ಕಮ್ಮ ಮಾತ್ರ ಎಲ್ಲರಿಗೂ "ನಮ್ಮ ಹುಡುಗಿ ಹುಲ್ಲು ಹಾಕೋ ಇಂಜಿನಿಯರು" ಎಂದೇ ಪರಿಚಯಿಸುತ್ತಿದ್ದಳು. ಆಫೀಸಿನಲ್ಲಿ ಅವಳಿಗೆ 'ಲೆವೆಲ್ ರಾಣಿ' ಎಂಬ ಹೆಸರಿತ್ತು. ಅವಳು ಕೊಟ್ಟ ಮಟ್ಟದಲ್ಲಿ ಒಂದು ಹನಿ ನೀರೂ ದಾರಿ ತಪ್ಪುವುದಿಲ್ಲವೆಂಬ ಮೆಚ್ಚುಗೆಗೆ ಇಟ್ಟ ಹೆಸರು.

ಈ ಒಳಂಗಳ ನಾಲ್ಕು ವರ್ಷದ ಹಿಂದೆ ಅವಳು ಒಬ್ಬಳೇ ಮಾಡಿದ ಮೊದಲ ಕೆಲಸ. ಮರ ಒಣಗುತ್ತಿದೆ ಎಂದು ಆಸ್ಪತ್ರೆಯವರು ಇಬ್ಬರನ್ನೂ ಕರೆಸಿದ್ದರು.

ಅವನು ಕಾಂಡದ ಸುತ್ತ ಕೊಡತಿಯಿಂದ ತಟ್ಟುತ್ತ, ಕಿವಿಯಿಟ್ಟು ಕೇಳುತ್ತ ಬಂದ. ಕೊನೆಗೆ ಕುಕ್ಕರುಗಾಲಲ್ಲಿ ಕೂತು, ಕಾಂಡ ನೆಲ ಸೇರುವ ಜಾಗವನ್ನು ಬಹಳ ಹೊತ್ತು ನೋಡಿದ.

"ಇದಕ್ಕೆ ಪಾದಾನೇ ಇಲ್ಲ," ಎಂದ.

ಯಾವ ಮರವಾದರೂ ನೆಲ ಸೇರುವ ಮುಂಚೆ ಅಗಲವಾಗುತ್ತದೆ, ಬೆರಳು ಚಾಚಿದ ಪಾದದ ಹಾಗೆ. ಇದು ದೀಪದ ಕಂಬದ ಹಾಗೆ ನೆಟ್ಟಗೆ ಒಳಗೆ ಹೋಗಿದೆ. ಅವನು ಕಾಂಡದವರೆಗೂ ಹಾಸಿದ ಇಟ್ಟಿಗೆಗಳನ್ನು ಬೆರಳಿನಿಂದ ಸವರಿ ತಲೆಯೆತ್ತಿದ.

"ಇಲ್ಲಿ ಮಣ್ಣು ತುಂಬಿಸಿದ್ರಾ?"

*ಹೌದು ಅನ್ನು. ಒಂದೇ ಮಾತು. ಹೇಳಿಬಿಡು...*

"ಇಲ್ಲ. ನೆಲ ಮೊದಲಿಂದ್ಲೂ ಹೀಗೇ ಇತ್ತು."

ಅವನು ಪುಸ್ತಕ ತೆಗೆದು ಅವಳ ಮಾತನ್ನು ಹಾಗೇ ಬರೆದುಕೊಂಡ. ಮತ್ತೊಮ್ಮೆ ಕೇಳಲಿಲ್ಲ. ಅವನು ಅಷ್ಟು ಸುಲಭವಾಗಿ ನಂಬಿದ್ದೇ ಅವಳನ್ನು ಹೆದರಿಸಿತು.

ಅಂದು ಆಫೀಸಿಗೆ ಹೋದವಳೇ ಒಳಂಗಳದ ನಕ್ಷೆಯ ಹಳೆಯ ಹಾಳೆಯನ್ನು ಹುಡುಕಿ ಮೇಜಿನ ಮೇಲೆ ಹರಡಿದಳು. ಅವಳ ವೃತ್ತಿಯಲ್ಲಿ ಪ್ರತಿ ಬಿಂದುವಿಗೂ ಎರಡು ಅಂಕಿ ಬರೆಯುತ್ತಾರೆ: ನೆಲದ ಹಳೆಯ ಮಟ್ಟಕ್ಕೆ ಒಂದು ಗೆರೆ ಹೊಡೆದು, ಅದರ ಕೆಳಗೆ ಹೊಸ ಮಟ್ಟ. ಮರದ ಬುಡದಲ್ಲಿ ಆ ಎರಡು ಅಂಕಿಗಳ ನಡುವೆ ಅರವತ್ತು ಸೆಂಟಿಮೀಟರ್ ವ್ಯತ್ಯಾಸವಿತ್ತು.

ಆಗ ಮರ ನಾಲ್ಕು ಮೆಟ್ಟಿಲಿನ ತಗ್ಗಿನಲ್ಲಿತ್ತು. ಸೊಂಟದ ಮೂಳೆ ಮುರಿದು ಗಾಲಿಕುರ್ಚಿ ಸೇರಿದ್ದ ಚಿಕ್ಕಮ್ಮ, ಪ್ರತಿ ಬುಧವಾರ ಚಿಕಿತ್ಸೆಗೆ ಬಂದಾಗ ಮೆಟ್ಟಿಲ ಅಂಚಿನಲ್ಲಿ ಕುರ್ಚಿ ನಿಲ್ಲಿಸಿಕೊಂಡು ಮರವನ್ನು ನೋಡುತ್ತಿದ್ದಳು. ಅವಳು ಹತ್ತಿರ ಹೋಗಿ ಮುಟ್ಟಲಿ ಎಂದು ಇವಳು ತಗ್ಗನ್ನು ತುಂಬಿಸಿದ್ದಳು. ಬೇರು ಉಸಿರಾಡುವುದು ನೆಲದ ಮೇಲ್ಭಾಗದಲ್ಲೇ ಎಂಬುದು ಇವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅರವತ್ತು ಸೆಂಟಿಮೀಟರ್ ತಾನೇ ಅಂದುಕೊಂಡಿದ್ದಳು. ಮರ ಒಂದೇ ದಿನಕ್ಕೆ ಉಸಿರುಕಟ್ಟಿ ಸಾಯುವುದಿಲ್ಲ. ನಾಲ್ಕು ವರ್ಷ ತೆಗೆದುಕೊಳ್ಳುತ್ತದೆ.

ಮರುದಿನ ಅವನು ನಕ್ಷೆ ಕೇಳಿದಾಗ ಅವಳು ಕೊಟ್ಟ ಹಾಳೆಯಲ್ಲಿ ಹೊಸ ಅಂಕಿಗಳು ಮಾತ್ರ ಇದ್ದವು. ಹಳೆಯವನ್ನು ಅಳಿಸಿ ಪ್ರಿಂಟ್ ತೆಗೆದಿದ್ದಳು.

ಆಮೇಲೆ ಅವನು ಪ್ರತಿ ಬುಧವಾರ ಬಂದ. ಮರದ ಸುತ್ತ ಹಗ್ಗ ಕಟ್ಟಿಸಿ ಬೆಂಚುಗಳನ್ನು ತೆಗೆಸಿದ. ಯಾರೂ ಕರೆಯದಿದ್ದರೂ ಅವಳೂ ಬಂದಳು. ಕಾಂಡಕ್ಕೆ ಕಿವಿಯಿಟ್ಟು ಕೇಳುವುದನ್ನು ಅವನು ಅವಳಿಗೆ ಕಲಿಸಿದ. ಗಟ್ಟಿ ಮರ ಬಾಗಿಲು ತಟ್ಟಿದ ಹಾಗೆ ಕೇಳುತ್ತದೆ, ಟೊಳ್ಳು ಮರ ಖಾಲಿ ಮನೆಯ ಹಾಗೆ. ಒಂದು ಕಡೆ ಅವನು ತಟ್ಟುತ್ತಿದ್ದ, ಇನ್ನೊಂದು ಕಡೆ ಅವಳು ಕೆನ್ನೆಯಿಟ್ಟು ಕೇಳುತ್ತಿದ್ದಳು. ಆ ಸದ್ದು ಮರದಿಂದ ಬರುತ್ತಿತ್ತೋ ತನ್ನೊಳಗಿನಿಂದ ಬರುತ್ತಿತ್ತೋ ಅವಳಿಗೆ ತಿಳಿಯುತ್ತಿರಲಿಲ್ಲ.

ಒಮ್ಮೆ ಅವನು ತನ್ನ ಕಥೆ ಹೇಳಿದ. ಹಿಂದೊಂದು ಮರವನ್ನು ತಟ್ಟಿ ನೋಡಿ ಗಟ್ಟಿಯಾಗಿದೆ ಎಂದು ಸಹಿ ಹಾಕಿದ್ದನಂತೆ. ಮೂರು ತಿಂಗಳಿಗೆ ಅದು ಬೀದಿಬದಿಯ ಅಂಗಡಿಯೊಂದರ ಮೇಲೆ ಉರುಳಿತು. ಅಂಗಡಿಯವನ ಕಾಲು ಹೋಯಿತು. "ಅವತ್ತಿಂದ ಅನುಮಾನ ಬಂದ್ರೆ ಕಡಿಸಿಬಿಡ್ತೀನಿ. ಮರ ಅಂದ್ರೆ ಪ್ರೀತಿ ಅಂತಾರೆ ಎಲ್ರೂ. ನನಗೆ ಭಯ," ಎಂದ.

*ನನಗೂ*, ಎಂದುಕೊಂಡಳು ಅವಳು. ಅವಳ ಭಯಕ್ಕೆ ಈಗ ಅವನ ಮುಖವೂ ಸೇರಿತ್ತು. ಸತ್ಯ ಹೇಳಿದರೆ ಕೆಲಸ ಹೋಗಬಹುದು, ಹೆಸರು ಹೋಗಬಹುದು... ಆದರೆ ಅವನು ಈಗ ನೋಡುವ ಹಾಗೆ ಇನ್ನೊಮ್ಮೆ ನೋಡುವುದಿಲ್ಲ ಎಂಬುದೇ ಎಲ್ಲಕ್ಕಿಂತ ದೊಡ್ಡ ಭಯ. ಆಫೀಸಿನಲ್ಲಿ ಗಾಳಿಗೆ ಕಿಟಕಿ ಬಡಿದರೆ ಬೆಚ್ಚಿ ಫೋನು ನೋಡುತ್ತಿದ್ದಳು, ಮರ ಬಿತ್ತೆಂಬ ಸುದ್ದಿ ಬಂದಿದೆಯೇನೋ ಎಂದು.

ಚಿಕ್ಕಮ್ಮ ಹಗ್ಗದಾಚೆ ಗಾಲಿಕುರ್ಚಿಯಲ್ಲಿ ಕೂತು ಇಬ್ಬರನ್ನೂ ಗಮನಿಸುತ್ತಿದ್ದಳು. "ಮರಕ್ಕೆ ಹುಷಾರಿಲ್ಲ ಅಂತ ಅವನು ಬರ್ತಾನೆ. ನಿನಗೇನಾಗಿದೆ ಪುಟ್ಟಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾನೇ ನಕ್ಕಳು.

ಆರನೆಯ ವಾರ, ಸೋಮವಾರ ಮಧ್ಯಾಹ್ನ ಅವನು ಅವಳ ಆಫೀಸಿಗೇ ಬಂದ. ಕೂರಲಿಲ್ಲ.

"ಶುಕ್ರವಾರ ಕಡಿಸ್ತಿದೀನಿ. ತುದಿಯೆಲ್ಲ ಒಣಗಿದೆ. ಮಣ್ಣು ತುಂಬಿದ್ದಿದ್ರೆ ತೆಗೆದು ನೋಡಬಹುದಿತ್ತು, ಎಷ್ಟೋ ಸಲ ಉಳಿಯತ್ತೆ. ಆದ್ರೆ ನೀವು ಇಲ್ಲ ಅಂದ್ರಲ್ಲ... ಹಾಗಾದ್ರೆ ಕಾಯಿಲೆ ಮರದ ಒಳಗೇ ಇದೆ. ರೋಗಿಗಳ ತಲೆ ಮೇಲೆ ಅದನ್ನ ಬಿಡೋ ಧೈರ್ಯ ನನಗಿಲ್ಲ."

ಅವಳು ಪೆನ್ಸಿಲನ್ನು ಬಿಗಿಯಾಗಿ ಹಿಡಿದಳು. ಅವನು ಬಾಗಿಲವರೆಗೆ ಹೋಗಿ ನಿಂತ.

"ಶುಕ್ರವಾರ ಆದ್ಮೇಲೆ ನಂಗೆ ಅಲ್ಲಿಗೆ ಬರೋಕೆ ನೆಪ ಇರಲ್ಲ. ನೆಪ ಇಲ್ದೇನೂ ನಿಮ್ಮನ್ನ ನೋಡ್ಬೇಕು ಅಂತಿದೀನಿ. ಆಗುತ್ತಾ?"

ಆರು ವಾರದಿಂದ ಅವಳು ಕಾಯುತ್ತಿದ್ದ ಮಾತು ಅದು. 'ಆಗುತ್ತೆ' ಎಂದರೆ ಒಂದು ಮರದ ಹೆಣದ ಮೇಲೆ ನಿಂತು ಹೇಳಿದಂತೆ. 'ಇಲ್ಲ' ಎನ್ನುವುದು ಮೂರನೆಯ ಸುಳ್ಳು.

ಅವನು ಆ ಮೌನವನ್ನು ತನಗೆ ತೋಚಿದಂತೆ ಓದಿಕೊಂಡ. ತಪ್ಪು ತಿಳೀಬೇಡಿ ಎಂದು ಮೆಲ್ಲಗೆ ಹೇಳಿ ಬಾಗಿಲೆಳೆದುಕೊಂಡು ಹೋದ.

ಬುಧವಾರ ಅವನು ಬರಲಿಲ್ಲ. ಚಿಕ್ಕಮ್ಮ ಹಗ್ಗದಾಚೆಯಿಂದ ಮರ ನೋಡುತ್ತಿದ್ದಳು.

"ಮುಂಚೆ ಪಾಪ ಗುಂಡಿಲಿ ನಿಂತ ಹಾಗಿತ್ತು. ನೀನು ನೆಲ ಎತ್ತಿದ್ಮೇಲೇ ಅಲ್ವಾ ನಾನು ಅದನ್ನ ಮುಟ್ಟಿದ್ದು? ಆ ಡಾಕ್ಟರಿಗೆ ಹೇಳ್ಬೇಕು ಅಂತಿದ್ದೆ, ನಮ್ಮ ಹುಡುಗಿ ಎಂಥ ಕೆಲಸ ಮಾಡಿದಾಳೆ ಅಂತ."

"ಹೇಳ್ಬೇಡ ಚಿಕ್ಕಮ್ಮ." ಅದು ಅವಳ ಬಾಯಿಂದ ತಾನಾಗಿ ಬಂತು.

ಚಿಕ್ಕಮ್ಮ ಅವಳತ್ತ ತಿರುಗಿದಳು. "ಯಾಕೆ?"

ಅವಳು ಗಾಲಿಕುರ್ಚಿಯ ಪಕ್ಕದಲ್ಲಿ ಕುಸಿದು ಕೂತು ಎಲ್ಲವನ್ನೂ ಹೇಳಿದಳು. ಮಣ್ಣು, ಅಳಿಸಿದ ಅಂಕಿ, ಶುಕ್ರವಾರ. ಚಿಕ್ಕಮ್ಮ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಳು, ನಾಲ್ಕು ವರ್ಷ ಮರವನ್ನು ಸವರಿದ ಅಂಗೈ.

"ನಾನು ಮುಟ್ಟಲಿ ಅಂತ ಅದರ ಉಸಿರು ಕಟ್ಟಿಸಿದ್ಯಾ?... ಸರಿ, ಪ್ರೀತಿಗೇ ಮಾಡಿದ್ದೆ. ಸುಳ್ಳು ಯಾರ ಪ್ರೀತಿಗೆ ಹೇಳಿದೆ?"

ಅವಳು ಆ ಹೊತ್ತಿಗೇ ಅವನಿಗೆ ಫೋನು ಮಾಡಿದಳು. ಅವನು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಮೆಸೇಜು ಬರೆಯಲು ಹೋಗಿ ಅಳಿಸಿದಳು, ಎದುರು ನಿಂತೇ ಹೇಳಬೇಕಾದ ಮಾತು ಅದು.

ಶುಕ್ರವಾರ ಬೆಳಿಗ್ಗೆ ಗರಗಸದವರು ಬರುವಷ್ಟರಲ್ಲಿ ಅವಳು ಮರದ ಬುಡದಲ್ಲಿದ್ದಳು. ತಲೆಗೆ ಹೆಲ್ಮೆಟ್, ಕೈಯಲ್ಲಿ ಹಾರೆ. ನಾಲ್ಕು ವರ್ಷದ ಹಿಂದೆ ತಾನೇ ಸಾಲು ನೋಡಿ ಹಾಸಿಸಿದ ಇಟ್ಟಿಗೆಗಳನ್ನು ಮೀಟಿ ಮೀಟಿ ತೆಗೆಯುತ್ತಿದ್ದಳು. ಮರ ಕಡಿಯೋದಾ, ಬಾವಿ ತೋಡೋದಾ ಎಂದು ಗರಗಸದವರಲ್ಲೊಬ್ಬ ಕೇಳಿದ. ಉಳಿದವರು ನಕ್ಕರು. ಮೇಲೆ ಎಲ್ಲೋ ಒಂದು ಕೊಂಬೆ ಕಿರ್ರೆಂದಿತು. ಆದರೂ ಅಗೆದಳು.

"ಹೊರಗೆ ಬನ್ನಿ," ಎಂಬ ದನಿ ಕೇಳಿತು. ಕೂಗಿ ಹೇಳಿದ್ದಲ್ಲ.

ಅವಳು ಬರಲಿಲ್ಲ. ಜೇಬಿನಿಂದ ಹಳೆಯ ಹಾಳೆ ತೆಗೆದು ಚಾಚಿದಳು. "ಮಣ್ಣು ತುಂಬಿಸಿದ್ದು ನಾನೇ. ಅರವತ್ತು ಸೆಂಟಿಮೀಟರ್. ಅವತ್ತು ನಿಮಗೆ ಸುಳ್ಳು ಹೇಳಿದೆ."

ಅವನು ಹಾಳೆ ನೋಡಿದ. ಗೆರೆ ಹೊಡೆದ ಅಂಕಿಯ ಮೇಲೆ ಅವನ ಹೆಬ್ಬೆರಳು ನಿಂತಿತು. ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಹಗ್ಗ ದಾಟಿ ಬಂದು ಸಲಿಕೆ ಹಿಡಿದ.

ಇಬ್ಬರೂ ಅಗೆದರು. ಮೊದಲು ಹಳೆಯ ಮೆಟ್ಟಿಲಿನ ಕಲ್ಲು ಸಿಕ್ಕಿತು. ಆಮೇಲೆ ಅವನು ಸಲಿಕೆ ಬಿಟ್ಟು ಕೈಯಿಂದಲೇ ಮಣ್ಣು ತೆಗೆದ. ಕಾಂಡ ನಿಧಾನವಾಗಿ ಅಗಲವಾಗುತ್ತ ಬಂತು. ಬೆರಳು ಚಾಚಿದ ಪಾದ... ಒಂದು ಬೆರಳು ಕಪ್ಪಾಗಿ, ಮುಟ್ಟಿದರೆ ಪುಡಿಯಾಯಿತು. ಇನ್ನೊಂದೂ ಹಾಗೆಯೇ. ಪೂರ್ವದ ಕಡೆಯ ಬೇರನ್ನು ಅವನು ಉಗುರಿನಿಂದ ಕೆರೆದ. ತೊಗಟೆಯ ಕೆಳಗೆ ಒದ್ದೆಯಾದ ಬಿಳುಪಿತ್ತು.

ಜೀವ.

ಗರಗಸದವರಿಗೆ ಹಿಂದಿರುಗಲು ಹೇಳಿ ಅವನು ಅವಳತ್ತ ತಿರುಗಿದ. "ನಿಮ್ಮ ಮಾತಿನ ಮೇಲೆ ನಾನು ಸಹಿ ಹಾಕಿದ್ದೆ. ಇನ್ನೊಂದು ತಾಸು ಆಗಿದ್ರೆ ಬದುಕಿರೋದನ್ನ ಕಡಿದಿರ್ತಿದ್ದೆ." ಕೈಯ ಮಣ್ಣು ಕೊಡವಿಕೊಂಡ. "ಸೋಮವಾರ ನಾನು ಹೇಳಿದ್ದನ್ನ ಮರೆತುಬಿಡಿ."

ಅವಳು ಆಸ್ಪತ್ರೆಗೂ ಆಫೀಸಿಗೂ ತಪ್ಪೊಪ್ಪಿ ಪತ್ರ ಬರೆದಳು. ಕೆಲಸ ಹೋಗಲಿಲ್ಲ. ಆದರೆ ಒಂದು ವರ್ಷ ಅವಳ ಯಾವ ಹಾಳೆಯೂ ಇನ್ನೊಬ್ಬರ ಸಹಿಯಿಲ್ಲದೆ ಹೊರಗೆ ಹೋಗಬಾರದೆಂದು ಹಿರಿಯರು ಆಜ್ಞೆ ಮಾಡಿದರು. ಲೆವೆಲ್ ರಾಣಿ ಎಂದು ಯಾರೂ ಕರೆಯಲಿಲ್ಲ. ಮರದ ಭಾರದ ಕೊಂಬೆಗಳನ್ನು ಇಳಿಸಿದರು. ಬುಡದ ಮಣ್ಣನ್ನು ವಾರಗಟ್ಟಲೆ ಕೈಯಿಂದ ತೆಗೆದರು. ಒಳಂಗಳಕ್ಕೆ ಬೀಗ ಬಿತ್ತು. ಬದುಕುತ್ತದೆಂದು ಯಾರೂ ಮಾತು ಕೊಡಲಿಲ್ಲ.

ಬೇರಿಗೆ ಭಾರ ಬೀಳದಂತೆ, ಸಣ್ಣ ಕಂಬಗಳ ಮೇಲೆ ನಿಂತು ಮರದವರೆಗೆ ಹೋಗುವ ಹಲಗೆಯ ಸೇತುವೆಯೊಂದನ್ನು ಅವಳು ಬಿಡಿಸಿದಳು, ಗಾಲಿಕುರ್ಚಿಗೆ ಸರಿಯಾದ ಅಗಲಕ್ಕೆ. ಪರಿಶೀಲನೆಗೆ ಹಾಳೆ ಅವನಿಗೇ ಹೋಗಬೇಕಿತ್ತು. ಕೆಂಪು ಶಾಯಿಯಲ್ಲಿ ವಾಪಸು ಬಂತು: 'ಮೂರನೇ ಕಂಬ ಬೇರಿನ ಮೇಲಿದೆ. ಸರಿಸಿ.' ಅವಳು ಸರಿಸಿ ಕಳಿಸಿದಳು. 'ಏಳನೆಯದೂ.' ಅದನ್ನೂ ಸರಿಸಿದಳು. ತಿಂಗಳುಗಟ್ಟಲೆ ಅವನಿಂದ ಬಂದ ಮಾತು ಅಷ್ಟೇ. ಅವಳು ಆ ಹಾಳೆಗಳನ್ನು ಪ್ರೇಮಪತ್ರಗಳ ಹಾಗೆ ಜೋಪಾನ ಮಾಡಿದಳು. ಒಂದು ಹಾಳೆಯ ಮೂಲೆಯಲ್ಲಿ ಮಾತ್ರ ಸಣ್ಣ ಅಕ್ಷರದಲ್ಲಿತ್ತು: 'ಪೂರ್ವದ ಕಡೆ ಚಿಗುರಿದೆ.'

ಅದನ್ನು ಓದಿ ಅವಳು ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತಳು.

ಒಳಂಗಳ ತೆರೆದ ದಿನ ಮೊದಲು ಸೇತುವೆ ಹತ್ತಿದ್ದು ಚಿಕ್ಕಮ್ಮ. ಮರಕ್ಕೆ ಅಂಗೈಯಿಟ್ಟು ಏನೋ ಮಾತಾಡಿಕೊಂಡಳು. ಆಮೇಲೆ ಅಲ್ಲೇ ನಿಂತಿದ್ದ ಅವನಿಗೆ ಜೋರಾಗಿ ಹೇಳಿದಳು. "ಮರ ನನ್ನನ್ನ ಕ್ಷಮಿಸಿದೆ ಡಾಕ್ಟ್ರೇ. ಮನುಷ್ಯರಿಗೆ ಇನ್ನೂ ಎಷ್ಟು ದಿನ ಬೇಕೋ." ಹೇಳಿ, ಕುರ್ಚಿ ತಿರುಗಿಸಿಕೊಂಡು ಹೊರಟೇಬಿಟ್ಟಳು.

ಇವಳು ಇನ್ನೂ ಸೇತುವೆಯ ಈ ತುದಿಯಲ್ಲೇ ಇದ್ದಳು.

ಅವನ ಕೈಯಲ್ಲಿ ಅವಳ ಕೊನೆಯ ಹಾಳೆಯಿತ್ತು. "ಇಷ್ಟು ಹಾಳೆ ಕಳಿಸಿದ್ರಿ. ಒಂದರಲ್ಲೂ ಹಳೇ ಅಂಕಿ ಅಳಿಸಿಲ್ಲ."

"ಇನ್ಮೇಲೆ ಯಾವತ್ತೂ ಅಳಿಸಲ್ಲ."

ಅವನು ಹಾಳೆ ಮಡಿಚಿದ. "ಆ ಎರಡು ದಿನ ನನ್ನ ಫೋನಲ್ಲಿ ನಿಮ್ಮ ಹೆಸರು ಹದಿನಾಲ್ಕು ಸಲ ಬಂದಿತ್ತು. ಬೇಡ ಅನ್ನೋಕೆ ಮಾಡ್ತಿದೀರಿ ಅಂದ್ಕೊಂಡೆ. ಕೇಳೋ ಧೈರ್ಯ ಆಗ್ಲಿಲ್ಲ. ಎತ್ತಿದ್ರೆ ಗರಗಸ ಅಲ್ಲೀವರೆಗೂ ಬರ್ತಾನೇ ಇರ್ಲಿಲ್ಲ... ನನ್ನ ತಪ್ಪನ್ನೂ ಆ ಹಾಳೇಲಿ ಬರೀಬೇಕಿತ್ತು."

ಅವಳ ಕಣ್ಣು ತುಂಬಿತು. "ಸೋಮವಾರ ಕೇಳಿದ್ರಲ್ಲ... ಆಗುತ್ತೆ ಅಂತ ಹೇಳ್ಬೇಕಿತ್ತು."

"ಆವಾಗ್ಲಿಂದ ಎಷ್ಟು ಸೋಮವಾರ ಆಯ್ತು?"

"ಮೂವತ್ತೊಂದು."

"ಎಣಿಸಿದ್ರಾ?"

"ಅಳತೆ ನನ್ನ ಕೆಲಸ ಅಲ್ವಾ."

ಅವನ ಮುಖದಲ್ಲಿ ಬಹಳ ದಿನದ ಮೇಲೆ ನಗು ಮೂಡಿತು. ಕೈ ಚಾಚಿದ. "ಬನ್ನಿ. ಒಂದೊಂದೇ ಹೆಜ್ಜೆ."

ಅವಳು ಅವನನ್ನೇ ನೋಡುತ್ತ ನಡೆದಳು. ಹಲಗೆ ಒಂದು ಕಡೆ ಕಿರ್ರೆಂದಿತು. ಏಳನೆಯ ಹೆಜ್ಜೆಗೆ ಅವನು ಅವಳ ಮಣಿಕಟ್ಟು ಹಿಡಿದ. ನಾಡಿ ಅಂದಿನ ಹಾಗೇ ಓಡುತ್ತಿತ್ತು.

"ಹೆದರಿದ್ರಾ?"

"ತುಂಬಾ."

"ನಂಗೂ ಭಯ," ಎಂದ ಅವನು. "ಈಗ ಮೇಲೆ ನೋಡಬಹುದು."

"ಆಮೇಲೆ ನೋಡ್ತೀನಿ," ಎಂದಳು ಅವಳು, ಅವನ ಮುಖದಿಂದ ಕಣ್ಣು ತೆಗೆಯದೆ.