ಹಳೇ ತಳಿಯ ಕಳ್ಳ

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ವಿಟಮಿನ್ ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಓಡಿಬಂದರು. ಬಿ-ಹನ್ನೆರಡು ವಿಟಮಿನ್ ತಯಾರಿಸುವ ಬ್ಯಾಕ್ಟೀರಿಯಾದ ಹಳೆಯ ತಳಿ, ಸೀಸೆಗಳ ಡಬ್ಬಿ ಸಮೇತ ಕಳವಾಗಿತ್ತು.

"ಬೆಲೆ ಎಷ್ಟು?" ಇನ್‌ಸ್ಪೆಕ್ಟರ್ ಕೇಳಿದರು.

"ಬೆಲೆ ಏನಿಲ್ಲ ಸಾರ್. ಹೆಚ್ಚು ಇಳುವರಿಯ ಹೊಸ ತಳಿ ಕೊಂಡಿದ್ದೀವಿ. ಹಳೇದನ್ನ ಇವತ್ತು ಆವಿಯಲ್ಲಿ ಬೇಯಿಸಿ ನಾಶ ಮಾಡ್ಬೇಕಿತ್ತು. ಬೇರೆ ಕಂಪನಿ ಕೈಗೆ ಸಿಕ್ರೆ ನಮಗೆ ಕುತ್ತು."

ಎಫ್‌ಐಆರ್ ದಾಖಲಿಸಿ, ಇನ್‌ಸ್ಪೆಕ್ಟರ್ ಪೇದೆಯೊಂದಿಗೆ ಸ್ಥಳಕ್ಕೆ ಹೋದರು. ಮೂರು ಮಹಡಿ ಎತ್ತರದ ಉಕ್ಕಿನ ತೊಟ್ಟಿಗಳು ಗುಂಯ್‌ಗುಡುತ್ತಿದ್ದವು. ಒಳಗೆ, ಕಣ್ಣಿಗೆ ಕಾಣದ ಜೀವಿಗಳು ಸಕ್ಕರೆ ಪಾಕ ತಿಂದು, ಯಾವ ಗಿಡವೂ ಯಾವ ಪ್ರಾಣಿಯೂ ಮಾಡಲಾರದ ವಿಟಮಿನ್ ಮಾಡುತ್ತಿದ್ದವು. ಕೊನೆಗೆ ಸಿಗುವುದು ಕಡುಗೆಂಪು ಹರಳು.

"ರಜೆ ಇಲ್ಲ, ಭತ್ಯೆ ಇಲ್ಲ, ನಮ್ಮ ಹಾಗೇ," ಎಂದ ಪೇದೆ. ಇನ್‌ಸ್ಪೆಕ್ಟರ್ ನಗಲಿಲ್ಲ. ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ತಳಿಗಳನ್ನಿಡುವ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿಲ್ಲ. ಶೀತಪೆಟ್ಟಿಗೆಯಲ್ಲಿದ್ದ ದುಬಾರಿ ಹೊಸ ತಳಿಯನ್ನು ಮುಟ್ಟಿಲ್ಲ. ಮಿಕ್ಕ ಡಬ್ಬಿಗಳನ್ನು ಬಿಸಿ ತಾಗದಂತೆ ಹಿಂದಕ್ಕೆ ಸರಿಸಿ, ಪೆಟ್ಟಿಗೆಯ ಬಾಗಿಲನ್ನು ಭದ್ರವಾಗಿ ಮುಚ್ಚಿದ್ದಾರೆ.

"ಕದಿಯೋಕೆ ಬಂದೋನು ಉಳಿದವುಗಳ ಯೋಗಕ್ಷೇಮ ನೋಡ್ಕೊಂಡು ಹೋಗಿದಾನಲ್ಲಯ್ಯ! ಇವನು ಕಾರ್ಖಾನೆಯವನೇ," ಎಂದರು ಇನ್‌ಸ್ಪೆಕ್ಟರ್.

ಕೀಲಿ ಇದ್ದದ್ದು ಇಬ್ಬರ ಬಳಿ. ಮ್ಯಾನೇಜರ್ ಹಿಂದಿನ ವಾರವಿಡೀ ಊರಲ್ಲಿರಲಿಲ್ಲ. ಇನ್ನೊಬ್ಬರು ತಳಿಕೋಣೆಯ ಮುಖ್ಯ ವಿಜ್ಞಾನಿ, ಕಾರ್ಖಾನೆಗೆಲ್ಲ 'ದೊಡ್ಡಪ್ಪ'. ಸಂಜೆ ಅವರ ಮನೆಗೆ ಹೋದಾಗ ಹೆಂಡತಿ ಹಾಲಿಲ್ಲದ ಚಹಾ ತಂದಿಟ್ಟರು.

"ಹಾಲು ಒಡೆದುಹೋಯ್ತು, ತಪ್ಪು ತಿಳ್ಕೋಬೇಡಿ. ಹೋದ ವಾರದಿಂದ ಫ್ರಿಜ್ ಮುಟ್ಟೋ ಹಾಗಿಲ್ಲ, ಇವರ ಅಪ್ಪಣೆ. ತರಕಾರಿಯೆಲ್ಲ ಮಂಚದ ಕೆಳಗಿದೆ."

ದೊಡ್ಡಪ್ಪ ತಲೆ ತಗ್ಗಿಸಿದರು. ಪೇದೆ ಫ್ರಿಜ್ ತೆರೆದ. ಕದ್ದ ಸೀಸೆಗಳ ಪಕ್ಕದಲ್ಲಿ ಅವುಗಳಿಂದ ಬೆಳೆಸಿದ ಸಂತಾನ, ಸಾಲು ಸಾಲು ಗಾಜಿನ ನಳಿಗೆಗಳಲ್ಲಿ.

"ಯಾರಿಗೆ ಮಾರೋಕೆ?" ಇನ್‌ಸ್ಪೆಕ್ಟರ್ ಕೇಳಿದರು.

"ಮಾರೋದಾ? ಹೊಳೆದಂಡೆ ಕೆಸರಿಂದ ತಂದು, ಸಾವಿರಾರು ತಳಿಗಳಲ್ಲಿ ಇದೊಂದನ್ನ ಆರಿಸಿ, ಇಪ್ಪತ್ತು ವರ್ಷ ಸಾಕಿದ್ದೀನಿ ಸಾರ್. ನಮ್ಮಮ್ಮನಿಗೆ ನರ ಸೋತು ಕಾಲು ಜೋಮು ಹಿಡಿದಿತ್ತು. ಇವು ಮಾಡಿದ ಮದ್ದಿನಿಂದ ಎದ್ದು ಓಡಾಡಿದ್ಲು. ಬೇಯಿಸಿ ಅಂತ ನನಗೇ ಹೇಳಿದ್ರು. ಕೈ ಬರ್ಲಿಲ್ಲ."

ಇನ್‌ಸ್ಪೆಕ್ಟರಿಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ಆದರೂ ಕೆಲಸ ಕೆಲಸವೇ. "ನಿಮ್ಮನ್ನ ಬಂಧಿಸ್ಬೇಕಾಗುತ್ತೆ."

"ನನಗೇನಾದ್ರೂ ಆಗ್ಲಿ. ಇವನ್ನ ಕಾರ್ಖಾನೆಗೆ ಒಪ್ಪಿಸಿದ್ರೆ ನಾಳೆನೇ ಬೇಯಿಸ್ತಾರೆ."

"ಒಪ್ಪಿಸೋಕೆ ಬರಲ್ಲ. ಇವೀಗ ಕೇಸಿನ ಸಾಕ್ಷ್ಯ. ತೀರ್ಪು ಬರೋವರೆಗೂ ಯಾರೂ ನಾಶ ಮಾಡೋ ಹಾಗಿಲ್ಲ. ಕೆಡದ ಹಾಗೆ ಕಾಯೋದು ಠಾಣೆಯ ಹೊಣೆ."

ದೊಡ್ಡಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ತೀರ್ಪು ಬರೋಕೆ ಎಷ್ಟು ವರ್ಷ ಬೇಕು ಸಾರ್?"

"ನಮ್ಮ ಕೋರ್ಟುಗಳ ವೇಗ ನಿಮಗೆ ಗೊತ್ತಲ್ಲ."

ದೊಡ್ಡಪ್ಪ ನಗುನಗುತ್ತಲೇ ಎರಡೂ ಕೈ ಮುಂದೆ ಚಾಚಿದರು.