ಮೂಗುರಾಯರ ಬರ್ಬನ್ ಪಾಠ

"ಲೇಬಲ್ ನೋಡಿ ಬಾಟಲಿ ಆರಿಸೋರನ್ನ ಕಂಡರೆ ನನಗೆ ಪಾಪ ಅನ್ಸುತ್ತೆ," ಎಂದರು ಮದ್ಯದಂಗಡಿಯಲ್ಲಿ ಬಾಟಲಿ ಜೋಡಿಸುತ್ತಿದ್ದವರು. ಲೇಬಲ್ ಅಚ್ಚು ಹಾಕಿಸಿಯೇ ಹೊಟ್ಟೆ ಹೊರೆಯುವವಳ ಮುಂದೆ ನಿಂತು ಹೇಳಿದ ಮಾತು ಅದು.

ನಾನು ಕೈಯಲ್ಲಿದ್ದ ಬಾಟಲಿಯನ್ನು ಕೆಳಗಿಡಲಿಲ್ಲ. ಅದರ ಮೇಲಿದ್ದ ಚಿನ್ನದ ಬಣ್ಣದ ಅಂಚು ನಮ್ಮ ಪ್ರೆಸ್ಸಿನದೇ. ಆ ಅಂಚು ಕೂದಲೆಳೆಯಷ್ಟೂ ಸರಿಯದ ಹಾಗೆ ಕೂರಿಸಲು ನಾನೂ ನಮ್ಮ ಮಿಷನ್ ನಡೆಸುವವನೂ ವಾರವಿಡೀ ತಲೆ ಕೆಡಿಸಿಕೊಂಡಿದ್ದೆವು.

"ಈ ಲೇಬಲ್ ನಾನು ಮಾಡಿಸಿದ್ದು," ಎಂದೆ.

ಅವರ ಕಿವಿ ಕೆಂಪಾಯಿತು. ಮುಖ ಮಾತ್ರ ಇದ್ದ ಹಾಗೇ ಇತ್ತು. "ಲೇಬಲ್ ಚೆನ್ನಾಗಿದೆ ಮೇಡಂ. ಒಳಗಿರೋದಕ್ಕೆ ನೀವು ಹೊಣೆ ಅಲ್ಲವಲ್ಲ."

ಕೌಂಟರಿನ ಹಿಂದೆ ಕೂತಿದ್ದ ಅಂಗಡಿಯ ಯಜಮಾನಿ ಕನ್ನಡಕದ ಮೇಲಿಂದ ನೋಡಿ ನಕ್ಕರು. ಅವರು ಇವರ ಅಕ್ಕ. "ಬೇಜಾರು ಮಾಡ್ಕೋಬೇಡಿ ಕಣಮ್ಮ. ನಮ್ಮ ಮೂಗುರಾಯನಿಗೆ ಮೂಗು ಎಷ್ಟು ಚುರುಕೋ ನಾಲಿಗೆ ಅಷ್ಟೇ ಒರಟು. ವಾಸನೆ ನೋಡಿ ಇವನು ಆರಿಸಿದ ಬಾಟಲಿನ ಇದುವರೆಗೆ ಯಾರೂ ವಾಪಸ್ ತಂದಿಲ್ಲ."

ನನ್ನ ಕಷ್ಟ ಹೇಳಿಕೊಂಡೆ. ನಮ್ಮ ಪ್ರೆಸ್ಸಿನ ಯಜಮಾನರು ಆಗಾಗ ಗಿರಾಕಿಗಳನ್ನು ಟೆರೇಸಿಗೆ ಕರೆದು, ಬರ್ಬನ್ ಎಂಬ ಅಮೆರಿಕದ ವಿಸ್ಕಿ ಸುರಿದು, ಸಿಗಾರ್ ಹಚ್ಚಿಸಿ ಕೂರಿಸುತ್ತಿದ್ದರು. ದೊಡ್ಡ ಆರ್ಡರುಗಳು ಕುದುರುತ್ತಿದ್ದದ್ದು ಅಲ್ಲೇ. ಕಾಗದ, ಬಣ್ಣ, ಅಂಟು ಎಲ್ಲದರ ಒಳಹೊರಗು ತಿಳಿದ ನನ್ನನ್ನು ಮಾತ್ರ, "ನಿಮಗೆ ಇದೆಲ್ಲ ಅಭ್ಯಾಸ ಇಲ್ಲ ಬಿಡಿ" ಎಂದು ಮನೆಗೆ ಕಳಿಸುತ್ತಿದ್ದರು. ಈ ಸಲ ನಾನೇ ಮುಂದೆ ಬಿದ್ದು, ಮುಂದಿನ ಕೂಟದ ಬಾಟಲಿ, ಸಿಗಾರ್ ಎರಡನ್ನೂ ನಾನೇ ತರುತ್ತೇನೆ ಎಂದುಬಿಟ್ಟಿದ್ದೆ. ಬರ್ಬನ್ ಎಂದರೆ ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಬಿಸ್ಕತ್ತು ಒಂದೇ.

"ಜೇಬಿಗೆ ಭಾರ ಆಗಬಾರದು, ನನ್ನ ಮರ್ಯಾದೆನೂ ಹೋಗಬಾರದು. ಅಂಥದ್ದು ಒಂದು ಕೊಡಿ," ಎಂದೆ.

ಅವರು ನಗಲಿಲ್ಲ. "ಕೊಡಬಹುದು. ಆದರೆ ಅಲ್ಲಿ ಯಾರಾದರೂ ಯಾಕೆ ಇದನ್ನೇ ತಂದ್ರಿ ಅಂದರೆ ಏನು ಹೇಳ್ತೀರಿ? ಶನಿವಾರ ಮಧ್ಯಾಹ್ನ ಬನ್ನಿ. ಅಂಗಡಿ ಖಾಲಿ ಇರುತ್ತೆ, ಕಲಿತುಕೊಂಡೇ ಹೋಗಿ," ಎಂದರು. ನನ್ನ ಅಜ್ಞಾನಕ್ಕೆ ನಗದ ಗಂಡಸರು ಬಹಳ ಇಲ್ಲ. ಅದಕ್ಕೇ ಹೋದೆ.

ಅಂಗಡಿಯ ಹಿಂದೆ ಪುಟ್ಟ ಅಂಗಳವಿತ್ತು. ಒಂದು ತಗಡಿನ ಮೇಜು, ಎರಡು ಕುರ್ಚಿ, ಗೋಡೆಯುದ್ದಕ್ಕೂ ಖಾಲಿ ಪೆಟ್ಟಿಗೆಗಳು. ಅವರು ಎರಡು ಗ್ಲಾಸುಗಳಿಗೆ ಎರಡೇ ಬೆರಳೆತ್ತರ ಸುರಿದರು.

"ಗ್ಲಾಸಿನೊಳಗೆ ಮೂಗು ತೂರಿಸಬೇಡಿ. ಅಂಚಿನ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು ಉಸಿರೆಳೆಯಿರಿ. ಏನು ಬಂತು?"

"ಪ್ರೆಸ್ಸಿನ ರೋಲರ್ ತೊಳೆಯೋ ಎಣ್ಣೆ."

ಆಗ ನಕ್ಕರು. ನಕ್ಕರೆ ಅವರ ಒಂದು ಕಣ್ಣು ಇನ್ನೊಂದಕ್ಕಿಂತ ಸಣ್ಣದಾಗುತ್ತಿತ್ತು. ಅದನ್ನು ಗಮನಿಸಿದೆ, ಗಮನಿಸಿದ್ದಕ್ಕೆ ನನ್ನನ್ನೇ ಬೈದುಕೊಂಡೆ.

"ಅದು ಬರೀ ಆಲ್ಕೋಹಾಲ್. ಅದನ್ನ ದಾಟಿ ಹೋಗಿ. ನಾಲ್ಕು ಹನಿ ನೀರು ಹಾಕ್ತೀನಿ, ಈಗ ನೋಡಿ."

ಸುಟ್ಟ ಸಕ್ಕರೆಯ ವಾಸನೆ ಬಂತು. ಅದರ ಹಿಂದೆ ವೆನಿಲ್ಲಾ, ಇನ್ನೂ ಹಿಂದೆ ಆಗತಾನೇ ಗರಗಸ ಹಾಕಿದ ಮರ. ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡೆ. ನಾಲಿಗೆ ಮೊದಲು ಹೆದರಿತು, ಆಮೇಲೆ ಸುಮ್ಮನಾಯಿತು.

ಶನಿವಾರಗಳು ಹಾಗೆ ಶುರುವಾದವು. ಬರ್ಬನ್ನಿಗೆ ಮುಸುಕಿನ ಜೋಳವೇ ಮುಖ್ಯ, ಒಳಗೆ ಸುಟ್ಟ ಹೊಸ ಮರದ ಪೀಪಾಯಿಯಲ್ಲಿ ಅದು ವರ್ಷಗಟ್ಟಲೆ ಕೂತಿರುತ್ತದೆ, ಬಣ್ಣವೆಲ್ಲ ಆ ಮರ ಕೊಟ್ಟದ್ದು, ಎಂದೆಲ್ಲ ಹೇಳಿಕೊಟ್ಟರು.

"ದುಬಾರಿ ಬಾಟಲಿಲಿ ಹೆಚ್ಚಾಗಿ ನೀವು ದುಡ್ಡು ಕೊಡೋದು ವಯಸ್ಸಿಗೆ, ಹೆಸರಿಗೆ. ಅತಿಯಾಗಿ ವಯಸ್ಸಾದರೆ ಮರದ ಒಗರು ಜಾಸ್ತಿಯಾಗುತ್ತೆ. ಕೂತು ಗುಟುಕರಿಸೋದಕ್ಕೆ ಮಧ್ಯ ವಯಸ್ಸಿಂದೇ ಚೆನ್ನ."

"ಈ ಮಾತು ಮನುಷ್ಯರಿಗೂ ಸೇರಿಸಿ ಹೇಳಿದ್ದಾ?"

"ಪಾಠದ ಮಧ್ಯೆ ಬೇರೆ ವಿಷಯ ತೆಗೀಬೇಡಿ ಲೇಬಲ್ ಮೇಡಂ." ಕಿವಿ ಮತ್ತೆ ಕೆಂಪು.

ಜೋಳದ ಜೊತೆ ಗೋಧಿ ಬೆರೆಸಿದ್ದು ಮೆತ್ತಗೆ, ರೈ ಎಂಬ ಧಾನ್ಯ ಬೆರೆಸಿದ್ದು ಖಾರ. ಹೊಸಬರೆಲ್ಲ ಗೋಧಿಯದ್ದನ್ನೇ ಇಷ್ಟಪಡುತ್ತಾರೆ ಎಂದು ಅವರು ಅದನ್ನೇ ಮುಂದೆ ಸರಿಸಿದರು. ನನಗೆ ಹಿಡಿಸಿದ್ದು ಮೇಜಿನ ಮೂಲೆಯಲ್ಲಿದ್ದ ರೈ. ಬೆಲೆಯೂ ಎಟಕುವಂತಿತ್ತು. ಗಂಟಲಲ್ಲಿ ಮೆಣಸಿನ ಹಾಗೆ ಚುರುಗುಟ್ಟಿ, ಆಮೇಲೆ ಎಷ್ಟೋ ಹೊತ್ತು ಬೆಚ್ಚಗೆ ಉಳಿಯುತ್ತಿತ್ತು. ನಾನು ಕಣ್ಣುಮುಚ್ಚಿ ಕೂತುಬಿಟ್ಟೆ. ಕಣ್ಣು ಬಿಟ್ಟಾಗ ಅವರು ಗ್ಲಾಸನ್ನಲ್ಲ, ನನ್ನನ್ನು ನೋಡುತ್ತಿದ್ದರು.

ಸಿಗಾರಿನ ಪಾಠದಲ್ಲಿ ನನ್ನ ಜಂಬ ಇಳಿಯಿತು. ತೆಳು ಕಂದು ಎಲೆ ಸುತ್ತಿದ, ಚಿಕ್ಕದಾದ, ಹೊಸಬರಿಗೆ ಹೇಳಿ ಮಾಡಿಸಿದಂಥ ಸಿಗಾರ್ ಕೊಟ್ಟಿದ್ದರು. ತುದಿ ಮುಚ್ಚಿದ್ದ ಎಲೆಯ ಟೋಪಿಯನ್ನಷ್ಟೇ ಕತ್ತರಿಸಿ, ಬೆಂಕಿಗೆ ತಾಗಿಸದೆ ಸುತ್ತಲೂ ಕಾಯಿಸಿ ಹಚ್ಚಿಕೊಟ್ಟರು.

"ಹೊಗೆ ಎದೆಗೆ ಎಳೀಬೇಡಿ. ಬಾಯಲ್ಲೇ ಇಟ್ಟುಕೊಂಡು ಬಿಟ್ಟುಬಿಡಿ. ಒಂದು ಸಲ ಎಳೆದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕು."

"ಸುಮ್ಮನಿರೋದೇ ನನಗೆ ಕಷ್ಟ."

"ಗೊತ್ತಾಗಿದೆ."

ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ರೈಲು ಎಂಜಿನ್ನಿನ ಹಾಗೆ ಎಳೆದೆ. ಅಂಗಳ ತಿರುಗತೊಡಗಿತು. ಅವರು ಓಡಿಹೋಗಿ ಸಕ್ಕರೆ ಕದಡಿದ ನೀರು ತಂದು ಕುಡಿಸಿ, ನನ್ನ ಬೆನ್ನ ಮೇಲೆ ಕೈಯಿಡಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಕುರ್ಚಿಯ ಬೆನ್ನು ಹಿಡಿದು ನಿಂತರು. ಆ ಒದ್ದಾಟ ನೋಡಿ ನನಗೆ ಅರ್ಧ ವಾಸಿಯಾಯಿತು.

ಒಂದು ವಿಷಯ ಮಾತ್ರ ನನಗೆ ಇರಿಸುಮುರಿಸು. ಸಿಗಾರನ್ನು ಜೊತೆಯಲ್ಲಿ ಸೇದುತ್ತಿದ್ದರು. ಗ್ಲಾಸನ್ನು ಮಾತ್ರ ಮೂಸಿ, ನಾಲ್ಕು ಮಾತು ಹೇಳಿ, ಸಿಂಕಿಗೆ ಸುರಿದು ಬರುತ್ತಿದ್ದರು. ಒಂದು ಗುಟುಕಾದರೂ ನನ್ನ ಜೊತೆ ಕುಡಿಯಿರಿ ಎಂದರೆ, "ನನಗೆ ಮೂಗೇ ಸಾಕು" ಎನ್ನುವರು. ಮೇಷ್ಟ್ರು ಮಗುವಿನ ಜೊತೆ ಆಟಕ್ಕೆ ಕೂರುವುದಿಲ್ಲ, ಅಷ್ಟೇ ತಾನೇ ಎಂದು ಒಳಗೊಳಗೇ ಮುನಿಸಿಕೊಂಡೆ.

ಯಾವ ಬಾಟಲಿ ಎಂದು ತೀರ್ಮಾನವಾದ ದಿನ ಬಂತು. ಅದೇ ರೈ ಬರ್ಬನ್, ಅದೇ ತೆಳು ಕಂದು ಸಿಗಾರ್. ಕೂಟಕ್ಕೆ ಇನ್ನು ನಾಲ್ಕು ದಿನ. ನಾನು ನನ್ನ ಗ್ಲಾಸನ್ನು ಎಷ್ಟು ನಿಧಾನಕ್ಕೆ ಮುಗಿಸಬಹುದೋ ಅಷ್ಟು ನಿಧಾನಕ್ಕೆ ಮುಗಿಸಿದೆ.

"ಇನ್ನು ಏನು ನೆಪ ಹೇಳಿಕೊಂಡು ಬರಲಿ?" ಎಂದೆ. ನಗುತ್ತಾ ಕೇಳಬೇಕೆಂದಿದ್ದೆ, ನಗು ಬರಲಿಲ್ಲ.

"ನೆಪ ಬೇಕಾ?"

ನನ್ನ ತೋಳಿನ ಮೇಲೆ ಬಿದ್ದಿದ್ದ ಬೂದಿಯನ್ನು ಅವರು ಬೆರಳ ತುದಿಯಿಂದ ಒರೆಸಿದರು. ಬೂದಿ ಹೋದ ಮೇಲೂ ಬೆರಳು ಅಲ್ಲೇ ಇತ್ತು. ನಾನು ಮುಖ ಮುಂದೆ ತಂದೆ. ಅವರೂ ತಂದರು. ಅವರ ಉಸಿರು ನನ್ನ ತುಟಿಗೆ ತಾಗಿತು. ನನಗೆ ಅವರು ಬೇಕಿತ್ತು, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಆಗ ಅವರು ಥಟ್ಟನೆ ಗೋಡೆಯ ಕಡೆ ತಿರುಗಿ ಎದ್ದುಬಿಟ್ಟರು. ಕುರ್ಚಿ ಹಿಂದಕ್ಕೆ ಬಿತ್ತು.

"ಬೇಡ. ದಯವಿಟ್ಟು ಹೋಗಿ."

ಚೀಲ, ಬಾಟಲಿ, ಸಿಗಾರಿನ ಡಬ್ಬಿ ಎತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ಕೆನ್ನೆ ಉರಿಯುತ್ತಿತ್ತು. ನಲವತ್ತು ದಾಟಿದವಳಿಗೆ ಇಂಥ ಹುಚ್ಚು ಬೇಕಿತ್ತೇ ಎಂದು ಬೈದುಕೊಂಡೆ. ಮನೆಯಲ್ಲಿ ಅಮ್ಮ ಏನಾಯ್ತು ಎಂದರೆ ತಲೆನೋವು ಎಂದೆ. ತಲೆನೋವಿಗೆ ಯಾರೂ ಬಾಗಿಲು ಹಾಕಿಕೊಂಡು ಅಳುವುದಿಲ್ಲ ಎಂದು ಅಮ್ಮನಿಗೂ ಗೊತ್ತು. ಮತ್ತೆ ಕೇಳಲಿಲ್ಲ.

ಟೆರೇಸಿನ ಕೂಟ ಚೆನ್ನಾಗಿಯೇ ನಡೆಯಿತು. "ಬೆಲೆ ಕೇಳಿದರೆ ನಂಬಲ್ಲ ನೀವು" ಎಂದು ಯಜಮಾನರೇ ಗಿರಾಕಿಗಳಿಗೆ ಹೇಳಿಕೊಂಡು ತಿರುಗಿದರು. ಸಿಗಾರನ್ನು ಎದೆಗೆ ಎಳೆದು ಕೆಮ್ಮುತ್ತಿದ್ದ ಒಬ್ಬರಿಗೆ, "ಬಾಯಲ್ಲೇ ಇಟ್ಟುಕೊಂಡು ಬಿಟ್ಟುಬಿಡಿ, ಸ್ವಲ್ಪ ಹೊತ್ತು ಸುಮ್ಮನಿರಿ," ಎಂದೆ. ಎಂದ ಮೇಲೆ ಅದು ಯಾರ ಮಾತು ಎಂದು ನೆನಪಾಗಿ ನಾನೇ ಸುಮ್ಮನಾದೆ. ಹೊಸ ಆರ್ಡರು ಸಿಕ್ಕಿತು, ಟೆರೇಸಿನಲ್ಲಿ ನನ್ನ ಕುರ್ಚಿಯೂ ಖಾಯಂ ಆಯಿತು. ಆ ಸುದ್ದಿ ಹೇಳಿಕೊಳ್ಳಬೇಕೆನಿಸಿದ್ದು ಒಬ್ಬರಿಗೇ.

ಅವರೇ ಪ್ರೆಸ್ಸಿಗೆ ಬಂದರು. ಊಟದ ಬಿಡುವಿಗೆ ಇನ್ನೂ ಹೊತ್ತಿತ್ತು, ಮಿಷನ್ನುಗಳ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಕಾಗದದ ಗೋದಾಮಿಗೆ ಕರೆದುಕೊಂಡು ಹೋದೆ. ಆಳೆತ್ತರದ ರೀಲುಗಳ ನಡುವೆ ಸದ್ದು ಸತ್ತುಹೋಗುತ್ತದೆ.

"ಮೊದಲೇ ಹೇಳಬೇಕಿತ್ತು," ಎಂದರು. "ನಾನು ಕುಡೀತಿದ್ದೆ. ಕೂತು ಗುಟುಕರಿಸೋ ಕುಡಿತ ಅಲ್ಲ, ಬೆಳಿಗ್ಗೆ ಹಲ್ಲುಜ್ಜೋ ಮುಂಚಿನ ಕುಡಿತ. ಮದುವೆ ಹೋಯ್ತು, ಕೆಲಸ ಹೋಯ್ತು. ಅಕ್ಕ ಕರ್ಕೊಂಡು ಬಂದು ಇಟ್ಕೊಂಡಳು. ಬಿಟ್ಟು ವರ್ಷಗಳೇ ಆಗಿವೆ."

"ಬಿಟ್ಟೋರು ಬಾಟಲಿಗಳ ಮಧ್ಯೆ ಯಾಕಿದ್ದೀರಿ?"

"ಎಲ್ಲರೂ ಅದನ್ನೇ ಕೇಳ್ತಾರೆ. ಬೇರೆಯವರಿಗೆ ಹೀಗೆ ಮಾಡಿ ಅಂತ ನಾನು ಹೇಳಲ್ಲ. ಆದರೆ ಕಣ್ಣಿಗೆ ಕಾಣದೆ ಇದ್ದರೆ ಅದು ನನ್ನನ್ನ ಇನ್ನೂ ಜಾಸ್ತಿ ಕಾಡುತ್ತೆ. ಎದುರಿಗಿದ್ದರೆ ಕಾವಲು ಕಾಯಬಹುದು."

"ಅವತ್ತು?"

ಅವರು ಒಂದು ರೀಲಿನ ಮೇಲೆ ಕೈಯೂರಿದರು. "ಅವತ್ತು ಅದು ನಿಮ್ಮ ತುಟಿ ಮೇಲಿತ್ತು. ನನಗೆ ಬೇಕಾಗಿದ್ದು ನೀವಾ, ಅದಾ ಅಂತ ಆ ಕ್ಷಣ ನನಗೇ ಗೊತ್ತಾಗಲಿಲ್ಲ. ಗೊತ್ತಿಲ್ಲದೆ ನಿಮ್ಮನ್ನ ಮುಟ್ಟೋದು ನನಗೆ ಸರಿ ಕಾಣಲಿಲ್ಲ."

ನನ್ನನ್ನೂ ಒಂದು ಗುಟುಕು ಬರ್ಬನ್ನನ್ನೂ ಒಂದೇ ತಕ್ಕಡಿಯಲ್ಲಿಟ್ಟ ಗಂಡಸು! ಕೋಪ ಬರಬೇಕಿತ್ತು. ಆದರೆ 'ನೀವೇ ಬೇಕಿತ್ತು' ಎಂಬ ಸುಲಭದ ಸುಳ್ಳು ಬಾಯಿ ತುದಿಯಲ್ಲೇ ಸಿಗುತ್ತಿದ್ದರೂ ಅವರು ಅದನ್ನು ಮುಟ್ಟಿರಲಿಲ್ಲ.

"ಹಾಗಾದರೆ ನಾನು ಕುಡಿಯೋದು ಬಿಟ್ಟುಬಿಡ್ತೀನಿ," ಎಂದೆ.

"ಬೇಡ. ಆ ರೈ ಗುಟುಕರಿಸಿದಾಗ ನಿಮ್ಮ ಮುಖ ನೋಡಿದೀನಿ. ಅದನ್ನ ನನಗೋಸ್ಕರ ಕಳ್ಕೋಬೇಡಿ. ಒಂದಿನ ಅದಕ್ಕೇ ನನ್ನ ಮೇಲೆ ಸಿಟ್ಟು ಬರುತ್ತೆ ನಿಮಗೆ."

ನನ್ನ ಮನಸ್ಸು ಹೂಂ ಎನ್ನಲು ತುದಿಗಾಲಲ್ಲಿ ನಿಂತಿತ್ತು. ಆದರೂ, "ನಮ್ಮಿಬ್ಬರ ವಿಷಯ ಯೋಚನೆ ಮಾಡ್ತೀನಿ," ಎಂದೆ. ಅವರು ತಲೆಯಾಡಿಸಿ ಹೊರಟುಹೋದರು.

ನಿಜಕ್ಕೂ ಯೋಚಿಸಿದೆ. ಒಂದು ಸಂಜೆ ಗ್ಲಾಸು ಮುಂದಿಟ್ಟುಕೊಂಡು ಕೂತೆ. ಅದು ನನಗೆ ಇಷ್ಟ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಇವರನ್ನು ಕಟ್ಟಿಕೊಂಡರೆ ನನ್ನ ಬಾಯಿಯ ಮೇಲೆ ಯಾವಾಗಲೂ ಒಂದು ಎಚ್ಚರ ಇರಬೇಕು. ಇವರು ಎಡವಿದರೆ ಅದನ್ನು ನೋಡುವ ಸಂಕಟವೂ ನನ್ನದೇ. ಅಮ್ಮನಿಗೆ ಎಲ್ಲ ಹೇಳಿದೆ. "ಕಷ್ಟ ಕಣೇ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಮುಚ್ಚಿಡೋ ಗಂಡಸಿನ ಜೊತೆ ಇನ್ನೂ ಕಷ್ಟ," ಎಂದರು. ಅಪ್ಪನ ವಿಷಯ ಅಮ್ಮ ಅಷ್ಟು ಹೇಳಿದ್ದೇ ಹೆಚ್ಚು.

ಭಾನುವಾರ ಬೆಳಿಗ್ಗೆ ಹೋದೆ. ಅಂಗಡಿಗೆ ರಜೆ. ಬಾಗಿಲು ತೆರೆದ ಅಕ್ಕ ನನ್ನ ಮುಖ ನೋಡಿ, ಯಾವುದೋ ಕೆಲಸ ನೆನಪಾದವರ ಹಾಗೆ ಮಹಡಿ ಹತ್ತಿಹೋದರು. ಮೂಗುರಾಯರು ಕಪಾಟಿನ ಗಾಜು ಒರೆಸುತ್ತಿದ್ದರು. ನನ್ನನ್ನು ಕಂಡು ಕೈಯ ಬಟ್ಟೆ ಕೆಳಗಿಟ್ಟರು.

"ಇವತ್ತು ಏನೂ ಕುಡಿದಿಲ್ಲ, ನಿನ್ನೆನೂ ಇಲ್ಲ," ಎಂದೆ. "ಆದರೆ ನಾಳೆ ಟೆರೇಸಿನ ಕೂಟ ಇದೆ. ಕುಡೀತೀನಿ. ಕುಡಿದ ದಿನ ನಿಮ್ಮ ಹತ್ತಿರ ಬರಲ್ಲ. ಮಿಕ್ಕ ದಿನ ಬರ್ತೀನಿ."

"ಮಿಕ್ಕ ದಿನ ಅಂದರೆ?"

"ಹೆಚ್ಚೂಕಮ್ಮಿ ದಿನಾ."

ಅವರಿಗೆ ನಗು ಬಂತು, ತಡೆದುಕೊಂಡರು. "ಒಂದಿನ ನಿಮಗೆ ಇದು ಸಾಕಾಗುತ್ತೆ."

"ಆಗಬಹುದು. ಆದಾಗ ಬಾಯಿಬಿಟ್ಟು ಹೇಳ್ತೀನಿ. ನೀವೂ ಅಷ್ಟೇ. ಕಷ್ಟ ಅನ್ನಿಸಿದ ದಿನ ಗೋಡೆ ನೋಡಬಾರದು, ನನಗೆ ಹೇಳಬೇಕು. ಒಪ್ಪಿಗೆನಾ?"

"ಒಪ್ಪಿಗೆ."

"ಇವತ್ತು ಕಷ್ಟ ಇದೆಯಾ?"

ಅವರು ಸುತ್ತಲಿನ ಕಪಾಟುಗಳನ್ನು ಒಂದು ಸಲ ನೋಡಿದರು, ಆಮೇಲೆ ನನ್ನನ್ನು.

"ಇದೆ," ಎಂದರು. "ಆದರೆ ಇವತ್ತು ನನಗೆ ಬೇಕಾಗಿರೋದು ಯಾವುದು ಅಂತ ಗೊತ್ತಿದೆ."

ಕೌಂಟರು ಸುತ್ತಿಕೊಂಡು ಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. ಈ ಸಲ ಅವರು ಗೋಡೆಯ ಕಡೆ ತಿರುಗುತ್ತಾರೇನೋ ಎಂದು ನಾನು ಕಾಯಲಿಲ್ಲ, ತುಟಿಗೆ ತುಟಿ ಸೇರಿಸಿದೆ.