ನೆಲದ ಮೇಲೆ ಸಿಗದ ದೋಷ

"ದೋಷ ಕಂಡುಬಂದಿಲ್ಲ... ದೋಷ ಕಂಡುಬಂದಿಲ್ಲ... ದೋಷ ಕಂಡುಬಂದಿಲ್ಲ! ಬೇರೆ ಏನೂ ಬರೆಯೋಕೆ ಬರಲ್ವಾ ನಿಮಗೆ?"

ಕ್ಯಾಪ್ಟನ್ ಲಾಗ್‌ಬುಕ್ಕನ್ನು ಅವಳ ಮೇಜಿನ ಮೇಲೆ ಕುಕ್ಕಿದ. ಸ್ಕ್ರೂಡ್ರೈವರ್ ಉರುಳಿ ಕೆಳಗೆ ಬಿತ್ತು.

ಅವಳು ವಿಮಾನ ರಿಪೇರಿಯ ಎಂಜಿನಿಯರ್. ಅವಳ ಸಹಿ ಬೀಳದೆ ಆ ವಿಮಾನ ನೆಲ ಬಿಡುವಂತಿರಲಿಲ್ಲ.

"ಇದ್ದದ್ದನ್ನ ಬರೀತೀನಿ, ಕ್ಯಾಪ್ಟನ್. ನಿಮ್ಮ ಕನಸಲ್ಲಿ ಕಂಡದ್ದನ್ನ ಬರೆಯೋಕೆ ಬರಲ್ಲ."

"ಮೂರು ಸಲ ಮೇಲೆ ಹೋದಾಗ ನನ್ನ ವೇಗದ ಮುಳ್ಳು ಕುಸಿದಿದೆ!"

"ಮೂರು ಸಲವೂ ಇಲ್ಲಿ ಸರಿಯಾಗೇ ಇತ್ತು. ನಿಮ್ಮ ಮುಖ ನೋಡಿ ಹೆದರುತ್ತೋ ಏನೋ!"

ಹಿಂದೆ ನಿಂತಿದ್ದ ಮೆಕ್ಯಾನಿಕ್‌ಗಳು ಕಿಸಕ್ಕನೆ ನಕ್ಕರು. ಅವನಿಗೆ ಅವರಿಟ್ಟ ಹೆಸರು 'ದೂರು ಸಾಹೇಬ'. ಅವಳದ್ದು 'ಎಲ್ಲಾ ಸರಿ ಮೇಡಂ'. ಇಬ್ಬರೂ ಎದುರಾದರೆ ಇವರಿಗೆ ಪುಕ್ಕಟೆ ನಾಟಕ!

ಅವಳಿಗೆ ಮಾತ್ರ ನಗು ಬರಲಿಲ್ಲ. ಇನ್ನೊಂದು ದೂರು ಬಂದರೆ ಸಹಿ ಹಾಕುವ ಅಧಿಕಾರ ಕಿತ್ತುಕೊಳ್ಳುತ್ತೇನೆಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು. ಹತ್ತು ವರ್ಷ ಮೈಗೆಲ್ಲ ಗ್ರೀಸ್ ಬಳಿದುಕೊಂಡು ಗಳಿಸಿದ ಸಹಿ ಅದು.

'ಮ್ಯಾನೇಜರ್ ಕಿವಿ ಕಚ್ಚಿದ್ದು ಇವನೇ... ಇನ್ಯಾರು?'

"ಅಷ್ಟು ನಂಬಿಕೆ ಇದ್ರೆ ನಾಳೆ ಬೆಳಗ್ಗೆ ಕಾಕ್‌ಪಿಟ್‌ನಲ್ಲಿ ನನ್ನ ಹಿಂದೆ ಬಂದು ಕೂತ್ಕೊಳ್ಳಿ," ಎಂದ ಅವನು.

"ಕೂರ್ತೀನಿ! ನನಗೇನು ಭಯವಾ?"

ಮರುದಿನ ಅವನು ತಿರುಗಿಯೂ ನೋಡಲಿಲ್ಲ. ಪಕ್ಕದ ಸೀಟಿನ ಕೋ-ಪೈಲಟ್ ಹುಡುಗಿಯೇ, "ಬೆಲ್ಟ್ ಬಿಗಿಯಾಗಿ ಹಾಕ್ಕೊಳ್ಳಿ ಅಕ್ಕ," ಎಂದಳು.

ಮೇಲೇರಿ ಒಂದು ಗಂಟೆ ಕಳೆಯಿತು. ಮುಳ್ಳು ಅಲುಗಲಿಲ್ಲ.

"ಏನು ಕ್ಯಾಪ್ಟನ್, ನಿಮ್ಮ ದೋಷ ಇವತ್ತು ರಜೆ ಹಾಕಿದೆಯಾ?"

ಮಾತು ಮುಗಿಯುವ ಮೊದಲೇ ಎಚ್ಚರಿಕೆಯ ಗಂಟೆ ಹೊಡೆದುಕೊಂಡಿತು!

ಅವನ ಮುಂದಿನ ಮುಳ್ಳು ಕುಸಿಯುತ್ತಿತ್ತು... ವಿಮಾನ ಇನ್ನೇನು ನಿಂತೇಹೋಗುತ್ತದೆ ಎಂಬಂತೆ.

"ಯಾರೂ ಏನೂ ಮುಟ್ಬೇಡಿ," ಎಂದ ಅವನು. ಇಷ್ಟು ಮೆತ್ತಗಿನ ದನಿ ಅವನಲ್ಲಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. "ಎಂಜಿನ್ ಹಾಗೇ ಇರಲಿ, ವಿಮಾನದ ಮೂಗು ಹಾಗೇ ಇರಲಿ. ನಿನ್ನ ವೇಗ ಎಷ್ಟಮ್ಮ?"

ಕೋ-ಪೈಲಟ್ ಓದಿ ಹೇಳಿದಳು. ನಡುವಿನ ಮೂರನೆಯ ಮಾಪಕವೂ ಅದನ್ನೇ ತೋರಿಸುತ್ತಿತ್ತು.

"ಸರಿ, ಸುಳ್ಳು ಹೇಳ್ತಿರೋದು ನನ್ನದು. ವಿಮಾನ ನಿನ್ನ ಕೈಗೆ. ಚೆಕ್‌ಲಿಸ್ಟ್ ನಾನು ಓದ್ತೀನಿ."

ಆ ಮುಳ್ಳನ್ನು ನಂಬಿ, ವೇಗ ಹೆಚ್ಚಿಸಲೆಂದು ಮೂಗು ಕೆಳಗೆ ಒತ್ತಿದ್ದರೆ...? ಹಿಂದೆ ನೂರ ಅರವತ್ತು ಜನ. ಅವಳ ಸಹಿ ನಂಬಿ ಕೂತವರು!

ಅಷ್ಟರಲ್ಲಿ ಹೊರಗಿನ ಉಷ್ಣಾಂಶ ತೋರಿಸುವ ಅಂಕಿ ಕಣ್ಣಿಗೆ ಬಿತ್ತು. ಸೊನ್ನೆಗಿಂತ ಐವತ್ತು ಕೆಳಗೆ!

"ಕ್ಯಾಪ್ಟನ್... ನೀರು! ವೇಗ ಅಳೆಯೋ ಗಾಳಿ ಕೊಳವೆಯೊಳಗೆ ಎಲ್ಲೋ ನೀರು ನಿಂತಿದೆ. ಈ ಚಳಿಗೆ ಹೆಪ್ಪುಗಟ್ಟುತ್ತೆ, ಕೆಳಗಿಳಿದ್ರೆ ಕರಗುತ್ತೆ. ಅದಕ್ಕೇ ನನಗೆ ಸಿಗಲಿಲ್ಲ!"

ಅವನು ಮೊದಲ ಸಲ ತಿರುಗಿ ನೋಡಿದ. "ಖಂಡಿತಾನಾ?"

"ಕೆಳಗಿಳಿಸಿ ನೋಡಿ."

ಅವನು ಕೆಳಗಿಳಿಯಲು ವಾಯುಸಂಚಾರ ಕಂಟ್ರೋಲ್‌ನಿಂದ ಅನುಮತಿ ಕೇಳಿದ. ವಿಮಾನ ಮೆಲ್ಲಗೆ ಇಳಿಯಿತು. ಬೆಚ್ಚಗಿನ ಗಾಳಿ ಸಿಕ್ಕಿ ಸ್ವಲ್ಪ ಹೊತ್ತಿಗೆ ಮುಳ್ಳು ನಡುಗಿತು, ಮೇಲೆದ್ದಿತು, ಉಳಿದೆರಡರ ಜೊತೆ ಬಂದು ನಿಂತಿತು.

ನೆಲ ಮುಟ್ಟಿ ಪ್ರಯಾಣಿಕರೆಲ್ಲ ಇಳಿದ ಮೇಲೆ ಅವಳು ಕೊಳವೆಯ ಮೂಲೆಯ ಜೋಡಣೆ ಬಿಚ್ಚಿದಳು. ಎರಡು ಚಮಚದಷ್ಟು ನೀರು ಅವನ ಅಂಗೈಗೆ ಸುರಿಯಿತು.

"ತಗೊಳ್ಳಿ, ಸಾಕ್ಷಿ! ಹೋಗಿ ಮ್ಯಾನೇಜರ್‌ಗೆ ತೋರಿಸಿ ನನ್ನ ಸಹಿ ಕಿತ್ತುಕೊಳ್ಳಿ. ಅದಕ್ಕೇ ತಾನೇ ಇಷ್ಟು ದಿನ ನನ್ನ ಬೆನ್ನು ಬಿದ್ದಿದ್ದು?"

"ನಾನಾ?" ಅವನು ಬೆಪ್ಪಾಗಿ ನೋಡಿದ. "ಬೇರೆ ಎಂಜಿನಿಯರ್ ಹಾಕ್ತೀನಿ ಅಂದ್ರು ಮ್ಯಾನೇಜರ್. ನಾನೇ ಬೇಡ ಅಂದೆ."

"...ಯಾಕೆ?"

"ಬೇರೆಯವರಾದ್ರೆ ಏನೋ ಒಂದು ಬದಲಾಯಿಸಿ, ಸಹಿ ಹಾಕಿ, ಮನೆಗೆ ಹೋಗ್ತಿದ್ರು. ನೀವು ಮೂರು ಸಲವೂ ನಾಲ್ಕು ಗಂಟೆ ಹುಡುಕಿದ್ರಿ. ಕಾಫಿ ಆರಿಹೋದ್ರೂ ಏಳಲಿಲ್ಲ."

"ಅದು ನಿಮಗೆ ಹೇಗೆ ಗೊತ್ತು?"

"ನಿಮ್ಮ ರಿಪೇರಿ ಶೆಡ್ಡಿನ ಕಿಟಕಿ ಹತ್ರ ನಿಂತಿದ್ದೆ... ಡ್ಯೂಟಿ ಮುಗಿದ ಮೇಲೂ." ಅವನ ಕಿವಿ ಕೆಂಪಾಯಿತು. "ಬಂದು ಮಾತಾಡಿಸೋಕೆ ಧೈರ್ಯ ಬರಲಿಲ್ಲ. ಬೈಯೋದೊಂದೇ ಬಂತು. ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ."

ಅಯ್ಯೋ ದೇವರೇ! ಮೂರು ಸಾಲು ದೂರು ಬರೆಯಬಲ್ಲವನಿಗೆ ಈ ಒಂದು ಮಾತು ಆಡಲು ಇಷ್ಟು ದಿನ ಬೇಕಾಯಿತೇ? ಅವಳಿಗೆ ಅಳುವೂ ಬಂತು, ನಗುವೂ ಬಂತು.

ಅವಳು ಲಾಗ್‌ಬುಕ್ ತೆರೆದಳು. 'ದೋಷ ಕಂಡುಬಂದಿದೆ. ಹಿಂದಿನ ಮೂರು ಸಲವೂ ಕ್ಯಾಪ್ಟನ್ ಹೇಳಿದ್ದು ನಿಜ' ಎಂದು ಬರೆದು ಸಹಿ ಹಾಕಿದಳು. ಅಧಿಕಾರ ಹೋಗುವುದಾದರೆ ಈ ಸಹಿಯೊಂದಿಗೇ ಹೋಗಲಿ!

ಅವನು ಅದನ್ನು ಎರಡು ಸಲ ಓದಿದ.

"ಈ ಪುಸ್ತಕ ಹೋಗೋ ಕಡೆಗೆಲ್ಲ ನಾನೂ ಬರ್ತೀನಿ. ನಿಮ್ಮ ಸಹಿ ಮುಟ್ಟೋಕೆ ಯಾರನ್ನೂ ಬಿಡಲ್ಲ." ಆಮೇಲೆ ತಡವರಿಸಿದ. "ನಾಳೆ ನನಗೆ ರಜೆ... ನೆಲದ ಮೇಲೇ ಇರ್ತೀನಿ. ನೀವು ಸಿಗ್ತೀರಾ?"

"ಸಿಗ್ತೀನಿ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಬರೆದು ಸಹಿ ಹಾಕಿಕೊಡ್ಲಾ?"

"ಬೇಡ. ನೀವು ಹೇಳಿದ್ರೆ ಸಾಕು."